ಕೆಲಸದಿಂದ ಮನೆಗೆ, ಫಿನ್ನಿಷ್ ಭಾಷೆಯಲ್ಲಿ

ಸಹೋದರಿಯರೇ, ಕೆಲಸ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ನೀವು ದಿನಕ್ಕೆ ಎಷ್ಟು ಮಾತು ಆಡುತ್ತೀರಿ ಎಂದು ಎಂದಾದರೂ ಲೆಕ್ಕ ಹಾಕಿದ್ದೀರಾ? ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ಸು ಹತ್ತುವಾಗ ‘ತೊಕ್ಕೊಟ್ಟು ಹೋಗ್ತದಾ?’ ಎಂದು ಕೇಳುತ್ತೇವೆ. ಕಂಡಕ್ಟರ್ ‘ದುಂಬು ಪೋಲೆ, ದುಂಬು ಪೋಲೆ’ ಎಂದು ಮುಂದೆ ತಳ್ಳುತ್ತಾನೆ. ಚಿಲ್ಲರೆಗಾಗಿ ಅವನೊಡನೆ ಒಂದು ಸಣ್ಣ ಜಗಳ. ಸೀಟಿನಲ್ಲಿ ಕುಳಿತವರು ‘ಮಗುವನ್ನು ಇಲ್ಲಿ ಕೊಡಿ’ ಎಂದು ಕೈ ಚಾಚುತ್ತಾರೆ. ಇಳಿಯುವಾಗ ‘ಸ್ವಲ್ಪ ದಾರಿ ಬಿಡಿ’. ಮನೆ ತಲುಪುವಷ್ಟರಲ್ಲಿ ಕನ್ನಡ, ತುಳು, ಬ್ಯಾರಿ ಮೂರೂ ನಾಲಿಗೆಯ ಮೇಲೆ ಹಾದು ಹೋಗಿರುತ್ತವೆ. ಅದನ್ನು ನಾವು ಮಾತು ಎಂದೇ ಎಣಿಸುವುದಿಲ್ಲ.

ನಾನು ಈಗ ಇರುವುದು ಫಿನ್‌ಲೆಂಡಿನಲ್ಲಿ. ರಾಜಧಾನಿ ಹೆಲ್ಸಿಂಕಿಗೆ ಅಂಟಿಕೊಂಡಿರುವ ಎಸ್ಪೋ ಎಂಬ ಪಟ್ಟಣದಲ್ಲಿ ಮನೆ, ಹೆಲ್ಸಿಂಕಿಯ ಪಾಸಿಲದಲ್ಲಿ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಇಲ್ಲಿ ಕೆಲಸದಿಂದ ಮನೆಗೆ ಬರಲು ಒಂದೇ ಒಂದು ಮಾತೂ ಬೇಡ. ಟಿಕೆಟ್ ಕಾರ್ಡಿನಲ್ಲೋ ಮೊಬೈಲಿನಲ್ಲೋ ಇರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಬಸ್ಸು ಬರುವಾಗ ಕೈ ಎತ್ತಬೇಕು, ಇಳಿಯುವ ಮೊದಲು ಗುಂಡಿ ಒತ್ತಬೇಕು, ಅಷ್ಟೇ. ರೈಲಿನಲ್ಲಿ ಜನ ಕಿಟಕಿಯ ಹೊರಗೆ ನೋಡುತ್ತಾ ಕೂರುತ್ತಾರೆ. ಒಳಬದಿಯಲ್ಲಿ ಕುಳಿತವರಿಗೆ ಇಳಿಯಬೇಕಾದರೆ ಬಾಯಿ ಬಿಡುವುದಿಲ್ಲ. ಕೈಚೀಲದ ಜಿಪ್ಪು ಎಳೆಯುತ್ತಾರೆ, ಕೈಗವಸು ಹಾಕಿಕೊಳ್ಳುತ್ತಾರೆ. ಪಕ್ಕದವರು ಅರ್ಥ ಮಾಡಿಕೊಂಡು ಎದ್ದು ನಿಲ್ಲುತ್ತಾರೆ!

ಮೊದಲಿಗೆ ಇದು ಎಷ್ಟು ನೆಮ್ಮದಿ ಅನ್ನಿಸಿತು ಗೊತ್ತೇ? ಯಾರೂ ನಿಮ್ಮನ್ನು ದುರುಗುಟ್ಟಿ ನೋಡುವುದಿಲ್ಲ, ಯಾರೂ ಮೈಗೆ ತಾಗುವುದಿಲ್ಲ. ತಲೆವಸ್ತ್ರದ ಬಗ್ಗೆಯೂ ಯೋಚನೆ ಬೇಡ. ಜನವರಿ ತಿಂಗಳಲ್ಲಿ ಇಲ್ಲಿ ಎಲ್ಲರ ತಲೆಯೂ ಮುಚ್ಚಿರುತ್ತದೆ. ಆದರೆ ತಿಂಗಳುಗಳು ಕಳೆದಂತೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕಚೇರಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಬ್ಯಾರಿ, ಫೋನಿನಲ್ಲಿ ಊರಿನವರೊಡನೆ ಕನ್ನಡ. ಈ ದೇಶದ ಭಾಷೆ ನನ್ನ ದಿನದಲ್ಲಿ ಎಲ್ಲಿಯೂ ಇರಲಿಲ್ಲ. ಮಗುವಿನ ಶಿಶುವಿಹಾರಕ್ಕೆ ಫೋನು ಮಾಡುವುದು, ಆರೋಗ್ಯ ಕೇಂದ್ರದಲ್ಲಿ ಸಮಯ ಕೇಳುವುದು, ಮನೆಯ ಹೀಟರ್ ಕೆಟ್ಟರೆ ದೂರು ಕೊಡುವುದು, ಎಲ್ಲವೂ ಪತಿಯ ಪಾಲು. ಅವರು ನನಗಿಂತ ನಾಲ್ಕು ವರ್ಷ ಮೊದಲು ಬಂದವರು. ಕೊಲ್ಲಿ ದೇಶಗಳಲ್ಲಿರುವ ನಮ್ಮ ಅಕ್ಕತಂಗಿಯರಿಗೆ ಈ ಕಷ್ಟ ಅಷ್ಟಾಗಿ ಗೊತ್ತಾಗದು. ಅಲ್ಲಿ ಅಂಗಡಿಯಿಂದ ಆಸ್ಪತ್ರೆಯವರೆಗೆ ಮಲಯಾಳಂ, ಹಿಂದಿಯಲ್ಲಿ ಹೇಗೋ ನಡೆದು ಹೋಗುತ್ತದೆ. ಇಲ್ಲಿ ಒಟ್ಟು ಜನರೇ 56 ಲಕ್ಷದಷ್ಟು. ಇಂಗ್ಲಿಷ್ ಬಹಳ ಮಂದಿಗೆ ಬರುತ್ತದೆ ಎನ್ನುವುದು ನಿಜ. ಆದರೆ ಫಲಕಗಳು, ಸೂಚನೆಗಳು, ವಯಸ್ಸಾದ ನೆರೆಹೊರೆಯವರು, ಶಿಶುವಿಹಾರದಲ್ಲಿ ಮಕ್ಕಳ ಮಾತು, ಇವೆಲ್ಲ ಫಿನ್ನಿಷ್‌ನಲ್ಲೇ.

ಆದ್ದರಿಂದ ಉಳಿದದ್ದು ಆ ದಾರಿ ಮಾತ್ರ. ಪಾಸಿಲದಿಂದ ನಾನು ಇಳಿಯುವ ಲೆಪ್ಪವಾರಕ್ಕೆ ಲೋಕಲ್ ರೈಲಿನಲ್ಲಿ 10-12 ನಿಮಿಷ, ಅಲ್ಲಿಂದ ಶಿಶುವಿಹಾರಕ್ಕೆ ನಡಿಗೆ, ಮತ್ತೆ ಮನೆಗೆ ಬಸ್ಸು. ಈ ಅರ್ಧ ಮುಕ್ಕಾಲು ಗಂಟೆಯನ್ನು ಫಿನ್ನಿಷ್‌ಗೆ ಬಿಟ್ಟುಕೊಡುವುದು ಎಂದು ತೀರ್ಮಾನಿಸಿದೆ. ವಾರಕ್ಕೆ ಒಂದು ವಾಕ್ಯ, ಅದೂ ದಾರಿಯಲ್ಲಿ ಬೇಕಾಗುವ ವಾಕ್ಯ ಮಾತ್ರ. ಅದನ್ನು ಕನ್ನಡ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದು ಕೋಟಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮೊಬೈಲಿನಲ್ಲಿ ಯಾಕಲ್ಲ ಎಂದು ಕೇಳುವಿರಿ. ಕೈಗವಸು ಹಾಕಿದ ಬೆರಳಿಗೆ ಮೊಬೈಲು ಸ್ಪಂದಿಸುವುದಿಲ್ಲ, ಕೈಗವಸು ಬಿಚ್ಚಿದರೆ ಬೆರಳೇ ಸ್ಪಂದಿಸುವುದಿಲ್ಲ! ಉಣ್ಣೆಯ ಮಫ್ಲರಿನೊಳಗೆ ತುಟಿ ಅಲುಗಿಸುತ್ತಾ ನಿಂತರೆ ಯಾರಿಗೂ ಕಾಣುವುದೂ ಇಲ್ಲ.

ಕನ್ನಡ ಅಕ್ಷರ ಎಂದೆನಲ್ಲ, ಅದರಲ್ಲಿ ಒಂದು ಸೋಜಿಗವಿದೆ. ಫಿನ್ನಿಷ್ ನಮ್ಮ ಕನ್ನಡದ ಹಾಗೆ ಬರೆದಂತೆ ಓದುವ ಭಾಷೆ. ಇಂಗ್ಲಿಷಿನ ಹಾಗೆ ಬರೆಯುವುದು ಒಂದು, ಓದುವುದು ಇನ್ನೊಂದು ಎಂಬ ಕಾಟ ಇಲ್ಲ. ಪದದ ಮೊದಲ ಅಕ್ಷರದ ಮೇಲೆ ಒತ್ತು ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ‘ಬ್ಯಾಂಕ್’ ಎನ್ನುವಾಗ ಬರುವ ಸ್ವರ ಅವರಲ್ಲಿ ಧಾರಾಳ. ಇನ್ನೊಂದು ಸ್ವರ ಮಾತ್ರ ನಮಗೆ ಹೊಸತು. ತುಟಿ ‘ಉ’ ಎನ್ನಬೇಕು, ನಾಲಿಗೆ ‘ಇ’ ಎನ್ನಬೇಕು. ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿ ನೋಡಿ, ಮನೆಯವರು ನಗದಿದ್ದರೆ ಹೇಳಿ.

ಹ್ರಸ್ವ, ದೀರ್ಘ, ಒತ್ತಕ್ಷರಗಳಲ್ಲಿ ಮಾತ್ರ ಎಚ್ಚರ ಬೇಕು. ನಮ್ಮಲ್ಲಿ ಬಳೆ ಬೇರೆ, ಬಾಳೆ ಬೇರೆ. ಕತೆ ಬೇರೆ, ಕತ್ತೆ ಬೇರೆ. ಅವರಲ್ಲೂ ಹಾಗೆಯೇ. ‘ಕುಕ’ ಎಂದರೆ ಯಾರು, ‘ಕುಕ್ಕ’ ಎಂದರೆ ಹೂವು. ಕಚೇರಿಯಿಂದ ಹೊರಡುವಾಗ ‘ನಾಳೆ ನಿನ್ನನ್ನು ಭೇಟಿಯಾಗುತ್ತೇನೆ’ ಎನ್ನಲು ‘ತಪಾನ್ ಸಿನುತ್ ಹುಒಮೆನ್ನ’ ಎನ್ನಬೇಕು. ‘ತಪಾನ್’ ಅನ್ನು ಮೊಟಕು ಮಾಡಿ ‘ತಪನ್’ ಎಂದರೆ ‘ನಾಳೆ ನಿನ್ನನ್ನು ಕೊಲ್ಲುತ್ತೇನೆ’ ಎಂದಾಗುತ್ತದೆ! ಪರದೇಶದವರಿಗೆ ಫಿನ್ನಿಷ್ ಕಲಿಸುವವರು ಈ ಜೋಡಿಯನ್ನು ನಗುತ್ತಾ ಹೇಳಿಕೊಡುತ್ತಾರೆ. ಒಂದು ದೀರ್ಘದ ಬೆಲೆ ಕನ್ನಡ ಬಲ್ಲವರಿಗೆ ಮತ್ತೆ ವಿವರಿಸಬೇಕಿಲ್ಲ.

ನಾನು ಕಲಿತ ಮೊದಲ ವಾಕ್ಯ ‘ಮೆನೆನ್ ತೊಇಸ್ತ್ಯಾ ಕೊತೀನ್’. ಅಂದರೆ ‘ಕೆಲಸದಿಂದ ಮನೆಗೆ ಹೋಗುತ್ತೇನೆ’. ಇದನ್ನು ಬಿಡಿಸಿ ನೋಡಿದಾಗ ನಿಜಕ್ಕೂ ಮೈ ಜುಮ್ಮೆಂದಿತು. ಇಂಗ್ಲಿಷಿನಲ್ಲಿ ‘ಫ್ರಮ್’ ಎಂಬ ಬೇರೆ ಪದ ಬೇಕು, ‘ಐ’ ಬೇಕು. ಫಿನ್ನಿಷ್‌ನಲ್ಲಿ ಹಾಗಲ್ಲ. ‘ಕೆಲಸ’ಕ್ಕೆ ‘ಇಂದ’ ಅಂಟಿದೆ, ‘ಮನೆ’ಗೆ ‘ಗೆ’ ಅಂಟಿದೆ, ‘ಹೋಗು’ವಿನ ಬಾಲದಲ್ಲಿ ‘ನಾನು’ ಸೇರಿದೆ. ಥೇಟ್ ಕನ್ನಡ! ‘ಕೊತಿ’ ಎಂದರೆ ಮನೆ. ‘ಕೊತೀನ್’ ಮನೆಗೆ, ‘ಕೊತೊನ’ ಮನೆಯಲ್ಲಿ, ‘ಕೊತೊಅ’ ಮನೆಯಿಂದ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿಸಿದ ನಮ್ಮ ಕನ್ನಡ ಟೀಚರನ್ನು ಪಾಸಿಲ ಸ್ಟೇಷನ್ನಿನಲ್ಲಿ ನೆನೆದುಕೊಂಡೆ. ನಮ್ಮಲ್ಲಿ ಏಳೆಂಟು ವಿಭಕ್ತಿಗಳಾದರೆ ಇವರ ವ್ಯಾಕರಣದಲ್ಲಿ 15. ನನ್ನ ಜೊತೆ ಕೆಲಸ ಮಾಡುವ ಸ್ಪೇನ್ ದೇಶದ ಗೆಳತಿ ಇದನ್ನು ಕೇಳಿಯೇ ಕೈಚೆಲ್ಲಿದಳು. ನನಗೆ ಅಷ್ಟು ಭಯವಾಗಲಿಲ್ಲ. ಉಡುಪಿ‘ಗೆ’ ಎನ್ನಬೇಕು, ಭಟ್ಕಳ‘ಕ್ಕೆ’ ಎನ್ನಬೇಕು ಎಂದು ನಮಗೆ ಯಾರು ಕೂರಿಸಿ ಕಲಿಸಿದರು? ಇವರಲ್ಲೂ ಕೆಲವು ಊರುಗಳಿಗೆ ಒಂದು ಪ್ರತ್ಯಯ, ಕೆಲವಕ್ಕೆ ಇನ್ನೊಂದು. ಲೆಪ್ಪವಾರಕ್ಕೆ ಹೋಗುವುದಾದರೆ ‘ಲೆಪ್ಪವಾರಾನ್’, ಟ್ಯಾಂಪೆರೆ ನಗರಕ್ಕಾದರೆ ‘ಟ್ಯಾಂಪೆರೇಲ್ಲೆ’. ಕಿವಿ ಪಳಗಿದರೆ ತಾನಾಗಿ ಬರುತ್ತದೆ.

(ಹಾಗೆಂದು ಎರಡೂ ಒಂದೇ ತಾಯಿಯ ಮಕ್ಕಳು ಎಂದು ತಿಳಿಯಬೇಡಿ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಅಂಥದೊಂದು ನಂಟನ್ನು ಊಹಿಸಿದ್ದರು. ಇಂದಿನ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಫಿನ್ನಿಷ್‌ನ ಬಂಧುಗಳು ಎಸ್ಟೋನಿಯನ್, ದೂರದ ಸಂಬಂಧದಲ್ಲಿ ಹಂಗೇರಿಯನ್. ನಮಗೆ ನೆಂಟಸ್ತಿಕೆ ಇಲ್ಲ, ಹೋಲಿಕೆ ಮಾತ್ರ ಇದೆ.)

‘ಕೊತಿ’ ಎಂಬ ಪದ ನಮ್ಮ ಮನೆಯಲ್ಲಿ ಎಬ್ಬಿಸಿದ ನಗು ಬೇರೆಯೇ ಕತೆ. ಶಿಶುವಿಹಾರಕ್ಕೆ ಇಲ್ಲಿ ‘ಪ್ಯಾಇವ್ಯಾಕೊತಿ’ ಎನ್ನುತ್ತಾರೆ. ‘ಪ್ಯಾಇವ್ಯಾ’ ಹಗಲು, ‘ಕೊತಿ’ ಮನೆ, ಹಗಲುಮನೆ. ಮಗಳು ಫೋನಿನಲ್ಲಿ ಉಮ್ಮನಿಗೆ ‘ನಾನು ಇವತ್ತು ಕೊತಿಗೆ ಹೋಗಿದ್ದೆ’ ಎಂದಳು. ಉಳ್ಳಾಲದಲ್ಲಿ ಕುಳಿತ ಉಮ್ಮ, ‘ಆ ಚಳಿಯಲ್ಲಿ ಮಗುವನ್ನು ಕೋತಿ ತೋರಿಸಲು ಯಾಕೆ ಕರೆದುಕೊಂಡು ಹೋದೆ?’ ಎಂದು ನನ್ನನ್ನೇ ಗದರಿದರು.

ಎರಡನೆಯ ವಾಕ್ಯ ಬಸ್ಸಿನದು. ‘ಮೆನೇಕೊ ತ್ಯಾಮ್ಯಾ ಬುಸ್ಸಿ ಲೆಪ್ಪವಾರಾನ್?’ ಈ ಬಸ್ಸು ಲೆಪ್ಪವಾರಕ್ಕೆ ಹೋಗುತ್ತದೆಯಾ? ನಮ್ಮ ‘ಹೋಗುತ್ತದೆ’ಗೆ ‘ಆ’ ಸೇರಿಸಿದರೆ ಪ್ರಶ್ನೆಯಾಗುವಂತೆ ಅವರು ‘ಕೊ’ ಸೇರಿಸುತ್ತಾರೆ. ಸೀಟು ಖಾಲಿ ಇದೆಯಾ ಎಂದು ಕೇಳಲು ‘ಒಂಕೊ ತ್ಯಾಮ್ಯಾ ಪಾಇಕ್ಕ ವಪಾ?’ ಇದಕ್ಕೆ ಉತ್ತರ ‘ಹೌದು’ ಅಲ್ಲ, ‘ಒನ್’, ಅಂದರೆ ‘ಇದೆ’. ಇಲ್ಲದಿದ್ದರೆ ‘ಎಇ ಒಲೆ’. ನಾವೂ ‘ಖಾಲಿ ಇದೆಯಾ?’ ಎಂದರೆ ‘ಇದೆ’ ಎಂದೇ ಹೇಳುವುದಲ್ಲವೇ? ಇಳಿಯುವಾಗ ‘ಅಂತೇಕ್ಸಿ, ಯ್ಯಾನ್ ತ್ಯಾಸ್ಸ್ಯಾ ಪೊಇಸ್’, ಕ್ಷಮಿಸಿ, ನಾನು ಇಲ್ಲಿ ಇಳಿಯುತ್ತೇನೆ. ಜಿಪ್ಪು ಎಳೆಯುವ ಊರಿನಲ್ಲಿ ಇದನ್ನು ಬಾಯಿ ಬಿಟ್ಟು ಹೇಳಿದರೆ ಜನ ಸ್ವಲ್ಪ ಬೆಚ್ಚುತ್ತಾರೆ, ಆಮೇಲೆ ಮುಗುಳ್ನಗುತ್ತಾರೆ. ಆ ಮುಗುಳ್ನಗೆಗಾಗಿಯೇ ನಾನು ಹೇಳುತ್ತಿದ್ದೆ ಎಂದರೂ ಸರಿ.

ರೈಲು ನಿಲ್ದಾಣಗಳ ಹೆಸರು ಕೂಡಾ ಒಂದು ಪಾಠವೇ. ಪಾಸಿಲ, ಇಲ್ಮಲ, ಹುಒಪಲಹ್ತಿ, ವಲಿಮೊ, ಪಿತ್ಯಾಯ್ಯಾನ್‌ಮ್ಯಾಕಿ, ಮ್ಯಾಕ್ಕ್ಯುಲ್ಯಾ, ಲೆಪ್ಪವಾರ. ‘ಲಹ್ತಿ’ ಎಂದರೆ ಕೊಲ್ಲಿ, ‘ಮ್ಯಾಕಿ’ ಎಂದರೆ ದಿಬ್ಬ, ‘ಕ್ಯುಲ್ಯಾ’ ಎಂದರೆ ಹಳ್ಳಿ. ನಮ್ಮ ಪಡೀಲು, ಬೈಲು, ಗುಡ್ಡೆಗಳ ಹಾಗೆ. ಈ ದೇಶದಲ್ಲಿ ಸ್ವೀಡಿಷ್ ಭಾಷೆಗೂ ಅಧಿಕೃತ ಸ್ಥಾನ ಇರುವುದರಿಂದ ಹಲವು ನಿಲ್ದಾಣಗಳನ್ನು ಎರಡು ಹೆಸರಿನಿಂದ ಕರೆಯುತ್ತಾರೆ. ಲೆಪ್ಪವಾರ ಸ್ವೀಡಿಷ್‌ನಲ್ಲಿ ಆಲ್‌ಬೆರ್ಗ. ಹೊಸಬರು ನಿಲ್ದಾಣ ದಾಟಿ ಹೋಯಿತೆಂದು ಗಾಬರಿಯಾಗುವುದು ಇಲ್ಲಿಯೇ.

ಇಷ್ಟೆಲ್ಲ ಕಲಿತರೂ ಒಂದು ತೊಡಕಿದೆ. ನಿಮ್ಮ ಫಿನ್ನಿಷ್ ಸ್ವಲ್ಪ ತಡವರಿಸಿದರೆ ಸಾಕು, ಎದುರಿನವರು ಮರ್ಯಾದೆಯಿಂದ ಇಂಗ್ಲಿಷಿಗೆ ಹಾರುತ್ತಾರೆ. ಅವರ ಉದ್ದೇಶ ಒಳ್ಳೆಯದು. ಆದರೆ ಕಲಿಯುವವಳ ಮುಖಕ್ಕೆ ಬಾಗಿಲು ಮುಚ್ಚಿದಂತಾಗುತ್ತದೆ. ಅದಕ್ಕೆ ಮದ್ದು ‘ಪುಹುತಾನ್ ಸುಒಮೆಅ’, ಫಿನ್ನಿಷ್‌ನಲ್ಲೇ ಮಾತಾಡೋಣ. ನನ್ನ ಮಟ್ಟಿಗೆ ಎಲ್ಲ ವಾಕ್ಯಗಳಿಗಿಂತ ಇದೇ ಹೆಚ್ಚು ಬೆಲೆಯದು. ಇನ್ನೊಂದು, ಪುಸ್ತಕದ ಫಿನ್ನಿಷ್ ಬೇರೆ, ಬೀದಿಯ ಫಿನ್ನಿಷ್ ಬೇರೆ. ‘ಹೋಗುತ್ತೇನೆ’ ನಮ್ಮ ಬಾಯಲ್ಲಿ ‘ಹೋಗ್ತೇನೆ’ ಆಗುವಂತೆ, ‘ಮಿನ್ಯಾ ಒಲೆನ್’ (ನಾನು ಇದ್ದೇನೆ) ಅವರ ಬಾಯಲ್ಲಿ ‘ಮ್ಯಾ ಓನ್’ ಆಗಿಬಿಡುತ್ತದೆ. ಅವನು, ಅವಳು ಎಂಬ ಭೇದವೂ ಇಲ್ಲ, ಇಬ್ಬರಿಗೂ ‘ಹ್ಯಾನ್’ ಒಂದೇ. ಆಡುಮಾತಿನಲ್ಲಿ ಅದನ್ನೂ ಬಿಟ್ಟು ಮನುಷ್ಯರಿಗೆ ‘ಅದು’ ಎನ್ನುತ್ತಾರೆ! ನಮ್ಮ ಕಡೆ ಸಣ್ಣ ಹುಡುಗಿಯರನ್ನು ‘ಅದು ಶಾಲೆಗೆ ಹೋಯಿತು’ ಎನ್ನುವುದು ನೆನಪಾಗಿ ನಗು ಬಂತು. ವಯಸ್ಸಾದವರಿಗೂ ‘ನೀನು’ ಎನ್ನುವುದು ಮಾತ್ರ ನನಗೆ ಇಂದಿಗೂ ಕಷ್ಟ. ‘ನೀವು’ ಎನ್ನುವ ರೂಪ ಅವರಲ್ಲೂ ಇದೆ, ಬಳಕೆ ಕಡಿಮೆ. ನಾನು ಅಜ್ಜಅಜ್ಜಿಯರಿಗೆ ಅದನ್ನೇ ಬಳಸುತ್ತೇನೆ. ಹಳೆಯ ಕಾಲದವಳು ಎಂದು ತಿಳಿದರೆ ತಿಳಿಯಲಿ.

ಈಗ ಆ ಡಿಸೆಂಬರ್ ಸಂಜೆಯ ವಿಷಯ ಹೇಳಬೇಕು. ಸಂಜೆ ಎಂದೆ, ಆದರೆ ಹೆಲ್ಸಿಂಕಿಯಲ್ಲಿ ಆ ದಿನಗಳಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನ 3 ಗಂಟೆ 15 ನಿಮಿಷದ ಸುಮಾರಿಗೆ. ಹಗಲು ಆರು ಗಂಟೆಯೂ ಇರುವುದಿಲ್ಲ. ಝುಹರ್, ಅಸರ್, ಮಗ್ರಿಬ್ ಮೂರೂ ಕಚೇರಿಯ ಹೊತ್ತಿನಲ್ಲೇ ಮುಗಿಯುತ್ತವೆ. ನಾಲ್ಕೂಕಾಲಕ್ಕೆ ಹೊರಬರುವಾಗ ನಡುರಾತ್ರಿಯ ಕತ್ತಲು. ಕತ್ತಲಲ್ಲಿ ನಡೆಯುವವರು ಇಲ್ಲಿ ಬೆಳಕು ಪ್ರತಿಫಲಿಸುವ ಸಣ್ಣ ಬಿಲ್ಲೆಯನ್ನು ಕೋಟಿಗೆ ತೂಗಿಸಿಕೊಳ್ಳುತ್ತಾರೆ. ವಾಹನದವರಿಗೆ ಕಾಣಲೆಂದು. ಅಂದು ಬೆಳಗ್ಗಿನಿಂದ ಬಿಡದೆ ಹಿಮ. ಪತಿ ಕಚೇರಿಯ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದರು. ಐದು ಗಂಟೆಗೆ ಶಿಶುವಿಹಾರ ಮುಚ್ಚುತ್ತದೆ.

ಪ್ಲಾಟ್‌ಫಾರ್ಮಿನ ಫಲಕದಲ್ಲಿ ನನ್ನ ರೈಲಿನ ಮುಂದೆ ‘ಪೆರುತ್ತು’ ಎಂದು ಬಂತು. ಆ ಪದವನ್ನು ಮೂರು ವಾರಗಳ ಹಿಂದಷ್ಟೇ ಚೀಟಿಯಲ್ಲಿ ಬರೆದಿದ್ದೆ. ರದ್ದಾಗಿದೆ. ಅದರ ಮುಂದಿನದೂ ‘ಪೆರುತ್ತು’. ನಾಲ್ಕು ವರ್ಷದ ಮಗು ಎಲ್ಲ ಮಕ್ಕಳು ಹೋದ ಮೇಲೆ ಕಿಟಕಿಯ ಬಳಿ ನಿಂತಿರುವ ಚಿತ್ರ ಕಣ್ಣ ಮುಂದೆ ಬಂತು. ತಾಯಂದಿರಾದ ನಿಮಗೆ ಹೆಚ್ಚು ಹೇಳಬೇಕಿಲ್ಲ. ಪತಿಗೆ ಫೋನು ಮಾಡಿದರೆ ವಿಮಾನದಲ್ಲಿದ್ದರು, ಸ್ವಿಚ್ ಆಫ್. ಕೈಗವಸು ಬಿಚ್ಚಿ ಶಿಶುವಿಹಾರದ ನಂಬರ್ ಒತ್ತಿದೆ. ಎತ್ತಿದವರು ಸಂಜೆಯ ಪಾಳಿಯ ಹಿರಿಯ ಹೆಂಗಸು, ಅವರಿಗೆ ಇಂಗ್ಲಿಷ್ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಮಗಳ ಹೆಸರು ಹೇಳಿ, ಅವಳ ‘ಆ್ಯಇತಿ’, ಅಂದರೆ ತಾಯಿ ಎಂದೆ. ‘ಯುನ ಒನ್ ಪೆರುತ್ತು. ಒಲೆನ್ ಪುಒಲಿ ತುಂತಿಅ ಮ್ಯುಒಹ್ಯಾಸ್ಸ್ಯಾ. ಅಂತೇಕ್ಸಿ.’ ರೈಲು ರದ್ದಾಗಿದೆ, ನಾನು ಅರ್ಧ ಗಂಟೆ ತಡ, ಕ್ಷಮಿಸಿ. ಮೂರು ವಾರ, ಮೂರು ಚೀಟಿ, ಮೂರು ತುಂಡು.

ಆ ಕಡೆಯಿಂದ ಬಂದ ಉತ್ತರ, ‘ಎಇ ಹ್ಯಾತ್ಯಾ. ಮೆ ಒದೊತೆತಾನ್.’

ಚಿಂತೆಯಿಲ್ಲ, ನಾವು ಕಾಯುತ್ತೇವೆ. ಇದನ್ನು ನನಗೆ ಯಾವ ಚೀಟಿಯೂ ಕಲಿಸಿರಲಿಲ್ಲ, ಆದರೂ ಪ್ರತಿ ಅಕ್ಷರ ಅರ್ಥವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಕಣ್ಣೀರು ಬಂದರೆ ಅದು ಕೆನ್ನೆಯ ಮೇಲೆ ಎಷ್ಟು ತಣ್ಣಗಾಗುತ್ತದೆ ಎಂದು ಅಂದು ತಿಳಿಯಿತು.

ಇನ್ನು ಬದಲಿ ಬಸ್ಸು ಹುಡುಕಬೇಕಿತ್ತು. ಪಕ್ಕದಲ್ಲಿ ಕೋಲು ಹಿಡಿದು ನಿಂತಿದ್ದ ಅಜ್ಜಿಯೊಬ್ಬರನ್ನು ‘ಮಿಸ್ತ್ಯಾ ಕೊರ್ವಾವ ಬುಸ್ಸಿ ಲ್ಯಾಹ್ತೇ?’ ಎಂದು ಕೇಳಿದೆ. ಬದಲಿ ಬಸ್ಸು ಎಲ್ಲಿಂದ ಹೊರಡುತ್ತದೆ? ಅವರು ನನ್ನ ತೋಳು ಹಿಡಿದೇ ನಡೆಸಿಕೊಂಡು ಹೋದರು. ದಾರಿ ತೋರಿಸಲು ಹಿಡಿದರೋ, ಹಿಮದಲ್ಲಿ ಜಾರದಿರಲು ಹಿಡಿದರೋ ಹೇಳಲಾರೆ. ‘ಲಿಉಕಸ್ತ, ಲಿಉಕಸ್ತ’ ಎನ್ನುತ್ತಿದ್ದರು. ಜಾರುತ್ತದೆ, ಜಾರುತ್ತದೆ. ಬಸ್ಸಿನಲ್ಲಿ ಜೊತೆಗೇ ಕುಳಿತೆವು. ಅವರು ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯಲಿಲ್ಲ. ಯಾವ ದೇಶ, ಎಷ್ಟು ಮಕ್ಕಳು, ಚಳಿ ಹೇಗೆ ತಡೆಯುತ್ತೀ ಎಂಬುದೆಲ್ಲ ತಿಳಿಯಿತು. ನೋಡಿ, ಮೌನಕ್ಕೆ ಹೆಸರಾದ ಜನ ಎಂದು ನಾವು ಹೇಳುತ್ತೇವೆ. ತೊಕ್ಕೊಟ್ಟಿನ ಬಸ್ಸಿನಲ್ಲಿ ಅಜ್ಜಿಯರು ಕೇಳುವ ಪ್ರಶ್ನೆಗಳನ್ನೇ ಅವರೂ ಕೇಳಿದರು. ನಾನು ಇಳಿಯುವಾಗ ‘ಹ್ಯುವ್ಯಾ ಕೊತಿಮತ್ಕಾ’ ಎಂದರು. ಮನೆಗೆ ಹೋಗುವ ಪ್ರಯಾಣಕ್ಕೆ ಈ ಭಾಷೆಯಲ್ಲಿ ‘ಕೊತಿಮತ್ಕ’ ಎಂಬ ಒಂದೇ ಪದ ಇದೆ. ಆ ಪ್ರಯಾಣ ಸುಖವಾಗಿರಲಿ ಎಂದು ಹಾರೈಸಿದ್ದು.

ಶಿಶುವಿಹಾರ ತಲುಪಿದಾಗ ಐದೂವರೆ ದಾಟಿ ನಾಲ್ಕು ನಿಮಿಷ. ಮಗಳು ಕೋಟು, ಟೋಪಿ, ಬೂಟು ಹಾಕಿ ಬಾಗಿಲಲ್ಲೇ ಬೆಂಚಿನ ಮೇಲೆ ಕುಳಿತು ಆ ಹಿರಿಯ ಹೆಂಗಸಿನೊಡನೆ ಏನೋ ವಾದ ಮಾಡುತ್ತಿದ್ದಳು. ನನ್ನ ಮೂರು ವಾಕ್ಯದ ಫಿನ್ನಿಷ್ ಅವಳ ಮುಂದೆ ಏನೂ ಅಲ್ಲ. ‘ಮ್ಯುಒಹ್ಯಾಸ್ಸ್ಯಾ’ ಪದದಲ್ಲಿ ನಾನು ಆ ಹೊಸ ಸ್ವರವನ್ನು ಸರಿಯಾಗಿ ಹೇಳುವುದಿಲ್ಲ ಎಂದು ಈಗಲೂ ತಿದ್ದುತ್ತಾಳೆ.

ಉಮ್ಮನಿಗೆ ಇದರಿಂದ ಒಂದು ಚಿಂತೆ ಹುಟ್ಟಿದೆ. ‘ನೀವೆಲ್ಲ ಅವರ ಮಾತೇ ಆಡತೊಡಗಿದರೆ ನಮ್ಮ ಮಾತು ಮಗುವಿನ ಬಾಯಲ್ಲಿ ಉಳಿದೀತಾ?’ ಎಂದು ಕೇಳುತ್ತಾರೆ. ಸುಳ್ಳು ಚಿಂತೆ ಎಂದು ತಳ್ಳಿಹಾಕಲಾರೆ. ಆದರೆ ಇಲ್ಲಿಯ ತಾತಾರರ ವಿಷಯ ಅವರಿಗೆ ಹೇಳಿದೆ. ಈ ದೇಶದಲ್ಲಿ ನೆಲೆನಿಂತ ಮೊದಲ ಮುಸ್ಲಿಮ್ ಸಮುದಾಯ ಅವರದು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ರಷ್ಯಾದ ವೋಲ್ಗಾ ಸೀಮೆಯ ಹಳ್ಳಿಗಳಿಂದ ಬಟ್ಟೆ, ತುಪ್ಪಳ ಮಾರುತ್ತಾ ಬಂದ ವ್ಯಾಪಾರಿಗಳು. 1925ರಲ್ಲಿ ತಮ್ಮ ಜಮಾಅತನ್ನು ಸ್ಥಾಪಿಸಿದರು. ಗಿರಾಕಿಯೊಡನೆ ಫಿನ್ನಿಷ್, ಮನೆಯಲ್ಲಿ ತಾತಾರ್. ಸಣ್ಣ ಸಮುದಾಯ, ಆದರೂ ತಲೆಮಾರುಗಳ ನಂತರ ಇಂದಿಗೂ ಆ ಭಾಷೆ ಅವರಲ್ಲಿ ಜೀವಂತವಾಗಿದೆ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ದಾರಿಯಲ್ಲಿ ಅವರ ಮಾತು ಆಡಿ, ಬಾಗಿಲು ದಾಟಿದ ಮೇಲೆ ನಮ್ಮದು’ ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ನಿಯಮ. ಚಪ್ಪಲಿ ಬಿಚ್ಚುವ ಜಾಗದಲ್ಲಿ ಫಿನ್ನಿಷ್ ಕೂಡಾ ಬಿಚ್ಚಿಡಬೇಕು. ಮಗಳು ಮೂರರಲ್ಲಿ ಎರಡು ದಿನ ಪಾಲಿಸುತ್ತಾಳೆ.

ನನ್ನ ಕಿಸೆಯಲ್ಲಿ ಈಗಲೂ ಚೀಟಿ ಇದೆ. ಈ ವಾರದ್ದು ‘ಹ್ಯುವ್ಯಾ ವೀಕೊನ್‌ಲೊಪ್ಪುಅ’, ವಾರಾಂತ್ಯ ಚೆನ್ನಾಗಿರಲಿ. ಶುಕ್ರವಾರ ಬಸ್ಸಿನ ಚಾಲಕನಿಗೆ ಹೇಳಲೆಂದು. ಆದರೆ ಮಗಳು ಬರುವ ಆಗಸ್ಟಿನಲ್ಲಿ ಶಾಲೆಯ ಹಿಂದಿನ ತರಗತಿಗೆ ಸೇರುತ್ತಾಳೆ. ಅಲ್ಲಿ ಪಾಲಕರ ಸಭೆ ಇರುತ್ತದೆ, ಶಿಕ್ಷಕಿಯ ಎದುರು ಕುಳಿತು ಮಗುವಿನ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಬಸ್ಸು, ರೈಲಿನ ವಾಕ್ಯಗಳು ಅಲ್ಲಿಗೆ ಸಾಲವು. ಇಲ್ಲಿಯ ಗ್ರಂಥಾಲಯಗಳಲ್ಲಿ ‘ಕಿಎಲಿಕಹ್ವಿಲ’ ಎಂದು ನಡೆಯುತ್ತದೆ, ಭಾಷೆಯ ಕಾಫಿಕೂಟ ಎನ್ನಬಹುದು. ಕಾಫಿ ಕುಡಿಯುತ್ತಾ ಊರಿನವರೊಡನೆ ಫಿನ್ನಿಷ್ ಮಾತಾಡುವುದು, ಹಣ ಕೊಡಬೇಕಿಲ್ಲ. ಮಂಗಳವಾರ ಸಂಜೆ ಕೆಲಸದಿಂದ ನೇರ ಅಲ್ಲಿಗೆ ಹೋಗತೊಡಗಿದ್ದೇನೆ. ಆ ದಿನ ಮಗುವನ್ನು ಕರೆತರುವುದು, ಅನ್ನಕ್ಕಿಡುವುದು ಪತಿಯ ಸರದಿ.